ಬಾನೆಟ್ಟಿನ ಏಣು ಮತ್ತು ನಮ್ಮ ಸಡ್ಡಕ

ಕೆಂಪು ಗಾಡಿ ಬಿಸಿಲಿಗೆ ಬೆಳ್ಳಗಾದರೆ ಪೇಂಟ್ ಹೊಡೆಸುವುದೊಂದೇ ದಾರಿ ಎನ್ನುವವರು ನಮ್ಮ ಅಲಖನೂರಿನಲ್ಲಿ ಮನೆಗೊಬ್ಬರಿದ್ದಾರೆ. ಅವರಲ್ಲಿ ಯಾರೂ ಒಂದು ಒದ್ದೆ ಅರಿವೆ ತಗೊಂಡು ಬಾನೆಟ್ ಮೇಲೆ ಎಳೆದು ನೋಡಿದವರಲ್ಲ. ನಾನು ನೋಡಿದ್ದೇನೆ. ಅದಕ್ಕೇ ಈ ಬರಹ.

ಗಾಡಿ 2007ರ ಮಾರುತಿ 800. ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಿಸುವ ಹೊತ್ತಿಗೆ, ಅಂದರೆ 2022ರ ಏಪ್ರಿಲ್ ದಾಟಿದ ಮೇಲೆ, 600 ರೂಪಾಯಿ ಇದ್ದ ಶುಲ್ಕ 5000 ಆಗಿ ಕೂತಿತ್ತು. ಕಟ್ಟಿದೆ. ಪರೀಕ್ಷೆಗೆ ಬಂದ ಸಾಹೇಬರು ಬ್ರೇಕ್ ಒತ್ತಲಿಲ್ಲ, ಎಂಜಿನ್ ನೋಡಲಿಲ್ಲ. “ಕಾಗದದಾಗ ಕೆಂಪು ಅಂತೈತಿ, ಇದು ಗುಲಾಬಿ ಐತೆಲ್ರಿ” ಎಂದು ನಾಲ್ಕು ಮಂದಿ ಮುಂದೆ ನಕ್ಕರು. ಸಹಿ ಹಾಕಿದರು, ಆ ಮಾತು ಬೇರೆ. ಆದರೆ ಗಾಡಿಯನ್ನು ಮತ್ತೆ ಕೆಂಪಾಗಿಸುವ ಹಟ ಅಲ್ಲೇ ಹುಟ್ಟಿತು.

ಕೆಂಪಿಗೇ ಯಾಕೆ ಈ ಗತಿ ಎಂದು ಕೇಳುವವರಿಗೆ ಇಷ್ಟು ಹೇಳಬಲ್ಲೆ. ಕೆಂಪು ಬಣ್ಣ ಕೆಂಪು ಬೆಳಕನ್ನು ಹೊರಗೆ ಬಿಟ್ಟು, ಅದಕ್ಕಿಂತ ಕಸುವಿನ ನೀಲಿ, ಹಸಿರು ಬೆಳಕನ್ನು ತಾನು ನುಂಗುತ್ತದೆ. ಅತಿನೇರಳೆ ಕಿರಣವೂ ಕೂಡಿಕೊಂಡು ಬಣ್ಣದ ಅಣುವನ್ನು ಒಡೆಯುತ್ತದೆ, ಅದನ್ನು ಹಿಡಿದಿಟ್ಟ ರಾಳವನ್ನು ಮೇಲಿನಿಂದ ಪುಡಿ ಮಾಡುತ್ತದೆ. ಹೊಸ್ತಿಲಿಗೆ ಬಳಿಯುವ ಹುರಮಂಜು ಎಷ್ಟು ಬಿಸಿಲು ಉಂಡರೂ ಬಣ್ಣ ಬಿಡದು, ಯಾಕೆಂದರೆ ಅದು ಕಬ್ಬಿಣದ ತುಕ್ಕು. ಗಾಡಿಯ ಹೊಳಪುಗೆಂಪು ಅಂಥದಲ್ಲ. ಇದರ ಮೇಲೆ ನಮ್ಮ ಬೋರಿನ ಸವಳು ನೀರು ಒಣಗಿ ಕಲೆ ಬಿಡುತ್ತದೆ, ಕಬ್ಬಿನ ಹಂಗಾಮಿನಲ್ಲಿ ರವದಿ ಸುಟ್ಟ ಬೂದಿ ಬೀಳುತ್ತದೆ. ಆ ಬೂದಿಯನ್ನು ಒಣ ಅರಿವೆಯಿಂದ ಒರೆಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನನ್ನ ಗಾಡಿ ಮುಂಜಾನೆ ಇಬ್ಬನಿ ಬಿದ್ದಾಗ ಹೊಸದರಂತೆ ಕೆಂಪಗೆ ಕಾಣುತ್ತಿತ್ತು. ನೀರಿನಲ್ಲಿ ಕಂಡ ಕೆಂಪು ಒಣಗಿದಾಗ ಮಾಯವಾದರೆ ಹಾಳಾದದ್ದು ಮೇಲಿನ ಪುಡಿ ಮಾತ್ರ. ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಿಕ್ಕಿದಾಗ ಅರಿವೆಯೇ ಕೆಂಪಾಯಿತು, ಅಂದರೆ ಮೇಲೆ ಕ್ಲಿಯರ್ ಕೋಟ್ ಇಲ್ಲದ ಸಾದಾ ಬಣ್ಣ. ಕ್ಲಿಯರ್ ಕೋಟ್ ಇದ್ದು ಅದು ಹಪ್ಪಳೆ ಎದ್ದಿದ್ದರೆ ತಿಕ್ಕಿ ಉಪಯೋಗವಿಲ್ಲ, ಪೇಂಟರ್ ಹತ್ತಿರವೇ ಹೋಗಬೇಕು. ಮೂಲ ಬಣ್ಣ ಎಷ್ಟು ಕೆಂಪಿತ್ತು ಎಂದು ನೋಡಲು ಪೆಟ್ರೋಲ್ ಮುಚ್ಚಳದ ಒಳಬದಿ ಇದೆ, ಅಲ್ಲಿ ಬಿಸಿಲು ಹೋಗುವುದಿಲ್ಲ.

ಬೇವಿನ ನೆರಳಿನಲ್ಲಿ ಗಾಡಿ ಹಚ್ಚಿ, ಹಳೆ ಬನಿಯನ್ನಿನಿಂದ ಅಂಗೈಯಗಲ ಜಾಗ ತಗೊಂಡು ತಿಕ್ಕುತ್ತಾ ಬಂದಿದ್ದೆ. ಎರಡು ಬಾಗಿಲು, ಡಿಕ್ಕಿ ಕೆಂಪಾಗಿದ್ದವು. ಅಷ್ಟರಲ್ಲಿ ಭಾರತ ಹುಣ್ಣಿಮೆ ಬಂತು. ಚಿಂಚಲಿ ಮಾಯಕ್ಕನ ಜಾತ್ರೆಗೆ ಇದೇ ಗಾಡಿಯಲ್ಲಿ ಹೋಗುವುದು ನಮ್ಮ ಮನೆಯ ಪದ್ಧತಿ. ಹಿಂದಿನ ದಿನ ನಡುಮಧ್ಯಾಹ್ನ ಸಡ್ಡಕ ಬಂದ. ಕೈಯಲ್ಲಿ ಮಿರಜಿನಿಂದ ತಂದ ಬಫಿಂಗ್ ಮಷೀನು.

“ಅಣ್ಣಾರ, ಹಿಂಗ ಕೈಲೆ ತಿಕ್ಕಿದ್ರ ಮುಂದಿನ ಜಾತ್ರಿ ಬರತೈತಿ. ನೀವು ಚಾ ಕುಡದ ಬರ್‍ರಿ, ಅಷ್ಟ್ರಾಗ ಮುಗಸ್ತೀನಿ.”

ಅವನು ಬರುವ ಹೊತ್ತಿಗೆ ನೆರಳು ಸರಿದಿತ್ತು. “ಬಾನೆಟ್ ಕಾದೈತಿ ತಮ್ಮಾ, ಮದಲ ತಣ್ಣಗಾಗ್ಲಿ” ಎಂದೆ. ಒಳಗಿಂದ ನಮ್ಮಾಕೆ, “ಅಂವಗೂ ಒಂದೀಟ ತಿಳೀತೈತಿ, ಮಾಡ್ಲಿ ಬಿಡ್ರಿ” ಎಂದಳು. ತಂಗಿಯ ಗಂಡ ಎಂದರೆ ಅವಳಿಗೆ ಎಲ್ಲ ಬಲ್ಲವ.

ಮಷೀನು ಹಚ್ಚಿದ. ಒಪ್ಪಿಕೊಳ್ಳಬೇಕು, ಬಾನೆಟ್ಟಿನ ನಡುಭಾಗ ನೋಡನೋಡುತ್ತಲೇ ಹೊಳೆಯಿತು. ಕೂಡಿದ ಹುಡುಗರು ಸಿಳ್ಳು ಹಾಕಿದರು. ಅದಕ್ಕೇ ಅವನಿಗೆ ಉಮೇದು ಏರಿ ಭಾರ ಕೊಟ್ಟು ಒತ್ತತೊಡಗಿದ. ಉಣ್ಣೆಯ ಪ್ಯಾಡಿನಿಂದ ಕೆಂಪು ರೊಜ್ಜು ನನ್ನ ಧೋತರಕ್ಕೆ, ಮನೆಯ ಸುಣ್ಣದ ಗೋಡೆಗೆ ಸಿಡಿಯಿತು. ಸುಟ್ಟ ವಾಸನೆ ಬಂತು. “ನಿಲ್ಲಸೋ!” ಎಂದು ಚೀರಿದೆ, ಮಷೀನಿನ ಸಪ್ಪಳದಲ್ಲಿ ಕೇಳಲಿಲ್ಲ. ಕೊನೆಗೆ ಓಡಿ ಹೋಗಿ ಪ್ಲಗ್ ಕಿತ್ತೆ. ಬಾನೆಟ್ಟಿನ ಎಡ ಏಣಿನ ಮೇಲೆ ಹೆಬ್ಬೆರಳಗಲ, ಗೇಣುದ್ದ ಬೂದುಬಣ್ಣದ ಪ್ರೈಮರ್ ಹಲ್ಲು ಕಿರಿಯುತ್ತಿತ್ತು.

ಗಾಡಿಯ ಬಣ್ಣದ ಪದರುಗಳೆಲ್ಲ ಕೂಡಿದರೂ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಒಂದೆರಡು ತಲೆಗೂದಲಿನ ದಪ್ಪ. ಏಣಿನ ಮೇಲೆ ಅದು ಇನ್ನೂ ತೆಳು. ಬಲ್ಲವರು ಏಣಿಗೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿಯೇ ಮಷೀನು ಮುಟ್ಟುತ್ತಾರೆ. ನಮ್ಮ ಸಡ್ಡಕ ಬಗ್ಗಿ ನೋಡಿ, “ಅಣ್ಣಾರ, ಇದು ಮದಲಿಂದನೂ ಹಿಂಗ ಇತ್ತೇನೋ?” ಎಂದ. ನಾನು ಸುಮ್ಮನಿದ್ದೆ. “ಇರ್‍ಲಿ, ಪೂರಾ ಪೇಂಟ್ ಹೊಡಸೂಣು. ಬಿಳೀದ ಹೊಡಸ್ರಿ, ಕಾಯೂದಿಲ್ಲ” ಎಂದ. ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಿಸಬೇಕು. ಮತ್ತೆ ಆ ಸಾಹೇಬರ ಮುಂದೆ ಹೋಗಿ ನಿಲ್ಲುವವ ನಾನು, ಇವನಲ್ಲ.

ಜಾತ್ರೆಗೆ ಅದೇ ಗಾಯದ ಮೇಲೆ ಹೂವಿನ ಹಾರ ಎಳೆದು ಕಟ್ಟಿಕೊಂಡು ಹೋದೆವು. ವ್ಯಾಕ್ಸ್ ಹಚ್ಚಿದ ಬಾಗಿಲಿಗೆ ಬಿದ್ದ ಭಂಡಾರ ಒದ್ದೆ ಅರಿವೆಗೆ ಬಂದುಬಿಟ್ಟಿತು.

ಆಮೇಲೆ ಉಳಿದದ್ದನ್ನೆಲ್ಲ ಕೈಯಿಂದಲೇ ಮುಗಿಸಿದೆ. ಟಪ್ಪಿನ ಮೇಲೆ ಪುಡಿ ದಪ್ಪಗಿದ್ದಲ್ಲಿ ಮಾತ್ರ 2000 ನಂಬರಿನ ವಾಟರ್ ಪೇಪರ್ ನೆನೆಸಿ ಹಗುರಾಗಿ ಎಳೆದು, ಕಾಂಪೌಂಡ್, ಪಾಲಿಶ್, ವ್ಯಾಕ್ಸ್. ಕಪ್ಪು ರಬ್ಬರಿಗೆ ಟೇಪ್ ಮರೆಯಬೇಡಿ, ಕಾಂಪೌಂಡ್ ಅಲ್ಲಿ ಒಣಗಿ ಬೆಳ್ಳಗಾದರೆ ಹೋಗುವುದಿಲ್ಲ. ಏಣಿಗೆ ಟಚಪ್ ಮಾಡಿಸಿದ್ದು ಎಲ್ಲ ಮುಗಿದ ಮೇಲೆ. ಮೊದಲೇ ಮಾಡಿಸಿದ್ದರೆ ಪೇಂಟರ್ ಮಾಸಿದ ಬಣ್ಣಕ್ಕೆ ಹೊಂದಿಸುತ್ತಿದ್ದ, ತಿಕ್ಕಿದ ಮೇಲೆ ಎರಡು ಬಣ್ಣ ಕಾಣುತ್ತಿತ್ತು. ವ್ಯಾಕ್ಸ್ ಶಾಶ್ವತವಲ್ಲ, ನೀರು ಹನಿಗಟ್ಟುವುದು ನಿಂತಿತೆಂದರೆ ಮತ್ತೆ ಹಚ್ಚಬೇಕು.

ಗಾಡಿ ನೋಡಿದವರಿಗೆಲ್ಲ ಸಡ್ಡಕ, “ಮಷೀನ್ ಹಚ್ಚಿದಾಂವ ನಾನ” ಎನ್ನುತ್ತಾನೆ. ಈಗ ಹಾರೂಗೇರಿ ಕಡೆ ಯಾರದೋ ಕೆಂಪು ಗಾಡಿಗೆ ಕರೆದಿದ್ದಾರಂತೆ. ಅವರಿಗೆ ನನ್ನ ಫೋನ್ ನಂಬರ್ ಕೊಡು ಎಂದು ಹೇಳಿದ್ದೇನೆ. ಇನ್ನೂ ಕೊಟ್ಟಿಲ್ಲ.