ಬಡಗು ಮೂಲೆಗೆ ಒಪ್ಪುವ ಗಿಡಗಳು

ತೀರ್ಥಹಳ್ಳಿ

ಚಿ. ಸೌ. ಮೇಘನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಮಳೆ ಹಿಡಿದು ಕೂತಿದೆ. ಅಡಿಕೆಗೆ ಮದ್ದು ಹೊಡೆಯಲು ದೊಡ್ಡಪ್ಪ ಹೊಳವಾಗುವುದನ್ನೇ ಕಾಯುತ್ತಿದ್ದಾರೆ.

ನಿನ್ನ ಬೆಂಗಳೂರಿನ ಹೊಸ ಮನೆಯ ಫೋಟೊ ನೋಡಿದೆ. ಬಡಗು ಮೂಲೆಯಲ್ಲಿ ಪಾಚಿ ಬಿಟ್ಟು ಏನೂ ಬರುವುದಿಲ್ಲ, ಗುಲಾಬಿ ಸತ್ತಿತು, ಟೈಲ್ಸ್ ಹಾಕಿಸಿಬಿಡಲಾ ಅಂತ ಕೇಳಿದ್ದೀಯ. ಸ್ವಲ್ಪ ತಡಿ ಪುಟ್ಟಿ. ಗುಲಾಬಿಗೆ ದಿನಕ್ಕೆ ಐದಾರು ತಾಸು ಬಿಸಿಲು ಬೇಕು. ಆ ನೆರಳಲ್ಲಿ ಎಲೆಗೆ ಚುಕ್ಕಿ ರೋಗ ಬಾರದೆ ಇನ್ನೇನು? ದಾಸವಾಳ ಇಟ್ಟರೂ ಹೂವಿಗಿಂತ ಹಿಟ್ಟು ತಿಗಣೆಯೇ ಹೆಚ್ಚಾದೀತು. ನಮಗೆ ಇಷ್ಟವಾದ ಗಿಡ ತಂದು ಜಾಗಕ್ಕೆ ಒಗ್ಗಿಸುವುದಲ್ಲ, ಜಾಗ ಕೇಳುವ ಗಿಡವನ್ನೇ ತರಬೇಕು.

ಅದಕ್ಕೆ ಮೊದಲು ಬೆಳಕು ನೋಡಿಕೋ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ತುಸು ಉತ್ತರಕ್ಕೆ ವಾಲಿರುತ್ತಾನೆ. ಮೇ ತಿಂಗಳಲ್ಲಿ ಆ ಮೂಲೆಗೂ ಸುಡುಬಿಸಿಲು ಇಣುಕಬಹುದು. ಡಿಸೆಂಬರಿನಲ್ಲಿ ಮನೆಯ ನೆರಳೇ ಅದನ್ನು ಮುಚ್ಚಿಬಿಡುತ್ತದೆ. ಎರಡನ್ನೂ ತಡೆದುಕೊಳ್ಳುವ ಗಿಡ ನಿನಗೆ ಬೇಕು.

ಆಮೇಲೆ ನೀರು. ತೇವ ಬೇರೆ, ನಿಂತ ನೀರು ಬೇರೆ. ಸಂಜೆ ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿಡು. ಬೆಳಗ್ಗೆಯೂ ನೀರು ನಿಂತಿದ್ದರೆ ಬೇರು ಕೊಳೆಯುತ್ತದೆ ಅಂತಲೇ ಅರ್ಥ. ಆಗ ಮಣ್ಣು, ಮರಳು, ಒಣಗಿದ ಎಲೆಗೊಬ್ಬರ ಬೆರೆಸಿ ಮಡಿಯನ್ನು ಏರಿಸು. ಗೋಡೆಗೆ ತಾಗಿಸಬೇಡ, ಎರಡಡಿ ಬಿಟ್ಟರೆ ಗಾಳಿ ಆಡುತ್ತದೆ, ಗೋಡೆಯೂ ಥಂಡಿ ಹಿಡಿಯುವುದಿಲ್ಲ.

ಈಗ ಗಿಡಗಳಿಗೆ ಬರುತ್ತೇನೆ. ಹಿಂದಿನ ಸಾಲಿಗೆ ನಂದಿಬಟ್ಟಲು. ಅರೆನೆರಳಿನಲ್ಲೂ ಹೂ ಬಿಡುತ್ತದೆ, ಕತ್ತರಿಸಿದ ಹಾಗೆ ಪೊದೆಯಾಗಿ ನಿಲ್ಲುತ್ತದೆ, ದೇವರ ಮುಂದಿಡಲು ಹೂ ಸಿಗುತ್ತದೆ. ಮಬ್ಬು ಜಾಗದಲ್ಲಿ ಕಡುಗೆಂಪು ಕಣ್ಣಿಗೇ ಬೀಳುವುದಿಲ್ಲ, ಬಿಳಿ ಎದ್ದು ಕಾಣುತ್ತದೆ. ಅದರ ಪಕ್ಕ ರಥಪುಷ್ಪ. ಅಗಲ ಎಲೆ, ಮಳೆಗಾಲದಲ್ಲಿ ತೇರಿನ ಹಾಗೆ ಅಂತಸ್ತು ಅಂತಸ್ತಾಗಿ ಏಳುವ ಕಿತ್ತಳೆಗೆಂಪು ಗೊಂಚಲು. ಬೇರಿನಿಂದ ಮರಿ ಒಡೆದು ಹಬ್ಬುತ್ತದೆ, ಆಗಾಗ ಕಿತ್ತು ಹದ್ದಿನಲ್ಲಿಡು. ಸುರುಳಿ ಸುಗಂಧಿ ಪೊದೆಯಲ್ಲ, ಶುಂಠಿಯ ಬಳಗದ್ದು. ಆದರೆ ತೇವ ಕಂಡರೆ ಅದಕ್ಕೆ ಹಬ್ಬ. ಕಿಟಕಿಯ ಕೆಳಗೆ ನೆಟ್ಟರೆ ಸಂಜೆ ಕೋಣೆಯೊಳಗೆಲ್ಲ ಘಮ.

ಹೈಡ್ರೇಂಜಿಯ ನಿನಗೆ ಇಷ್ಟ ಅಂತ ಗೊತ್ತು. ಅದಕ್ಕೆ ಬೆಳಗಿನ ಎಳೆಬಿಸಿಲು ಸಾಕು, ಮೇ ಬಿಸಿಲಿಗೆ ಮಾತ್ರ ಎಲೆ ಬಾಡುತ್ತದೆ, ಆಗ ಮರೆ ಕಟ್ಟು. ನಮ್ಮ ಜಂಬಿಟ್ಟಿಗೆಯ ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಬೇರಿಗೆ ದಕ್ಕುತ್ತದೆ, ಅದರಿಂದ ಇಲ್ಲಿ ಹೂ ನೀಲಿ. ನಿನ್ನಲ್ಲಿ ಸಿಮೆಂಟಿನ ಸುಣ್ಣದಂಶ, ಬೋರ್‌ವೆಲ್ಲಿನ ಗಡಸು ನೀರು ಎರಡೂ ಸೇರಿದರೆ ಅದೇ ಗಿಡ ಗುಲಾಬಿ ಬಣ್ಣದ ಹೂ ಬಿಟ್ಟೀತು. ಗಿಡ ಕೆಟ್ಟಿತು ಅಂದುಕೊಳ್ಳಬೇಡ. ಆದರೆ ಆ ಸುಣ್ಣಕ್ಕೆ ಕೇಪಳದ ಎಲೆ ಹಳದಿಗಟ್ಟುತ್ತದೆ, ಅದನ್ನು ಆ ಗೋಡೆಯ ಹತ್ತಿರ ನೆಡಬೇಡ.

ನೆರಳಿನಲ್ಲಿ ಹೂವಿಗಿಂತ ಎಲೆಯೇ ಅಲಂಕಾರ. ಬುಡಕ್ಕೆ ಜರಿಗಿಡ ಹಬ್ಬಿಸು. ಕ್ರೋಟನ್ ಬೇಡ, ಬೆಳಕಿಲ್ಲದಿದ್ದರೆ ಅದರ ಬಣ್ಣ ಮಂಕಾಗುತ್ತದೆ. ಕನಕಾಂಬರಕ್ಕೆ ಅರೆನೆರಳಾದೀತು, ಒದ್ದೆ ಕಾಲಾಗದು; ಕುಂಡದಲ್ಲಿಟ್ಟುಕೋ. ಡಿಫೆನ್‌ಬೇಕಿಯ, ಕ್ಯಾಲೇಡಿಯಂ ಚಂದವೇ, ಆದರೆ ಎಲೆ ಕಚ್ಚಿದರೆ ಬಾಯಿ ಉರಿದು ಊದುತ್ತದೆ. ತೆವಳುವ ಮಗು ಮನೆಯಲ್ಲಿರುವಾಗ ಅವು ಬೇಡ. ಹೈಡ್ರೇಂಜಿಯದ ಎಲೆಯೂ ಹೊಟ್ಟೆಗೆ ಒಳ್ಳೆಯದಲ್ಲ, ಮಗುವಿನ ಕೈ ಮೇಲೆ ಕಣ್ಣಿರಲಿ. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಒರೆಸು, ಸೊಳ್ಳೆ ಮರಿಯಾಗಲು ಹೆಚ್ಚು ದಿನ ಬೇಡ.

ನರ್ಸರಿಗೆ ಹೋಗಿ ಒಂದೇ ಸಲ ಡಿಕ್ಕಿ ತುಂಬಿಸಿಕೊಂಡು ಬರಬೇಡ. ಮೊದಲ ವರ್ಷ ಮೂರು ಜಾತಿ ಸಾಕು. ಡಿಸೆಂಬರ್ ಕಳೆಯುವಾಗ ಯಾವುದು ಗೆದ್ದಿತು ಅಂತ ಮೂಲೆಯೇ ಹೇಳುತ್ತದೆ, ಮುಂದಿನ ಮಳೆಗೆ ಅದನ್ನೇ ಹೆಚ್ಚಿಸಿಕೋ. ದುಡ್ಡೂ ಕೊಡಬೇಕಾಗಿಲ್ಲ. ನಂದಿಬಟ್ಟಲು, ಹೈಡ್ರೇಂಜಿಯದ ಕಡ್ಡಿಗಳನ್ನು ಈಗಲೇ ಪ್ಯಾಕೆಟ್ಟಿಗೆ ಹಾಕಿದ್ದೇನೆ. ಸುಗಂಧಿಯ ಗಡ್ಡೆಯನ್ನು ನೀನು ಬಂದ ದಿನವೇ ಕಿತ್ತುಕೊಡುತ್ತೇನೆ. ಚೌತಿಗೆ ಬರುವಾಗ ಕಾರಿನಲ್ಲಿ ಎರಡು ಖಾಲಿ ಗೋಣಿಚೀಲ ಇರಲಿ, ಅಳಿಯಂದಿರು ಸೀಟು ಕೊಳೆಯಾಯಿತು ಅಂತ ಗೊಣಗದ ಹಾಗೆ.

ಇತಿ ನಿನ್ನ
ದೊಡ್ಡಮ್ಮ