ಎಳ್ಳು ಬೀರಲು ಒಂದು ಎದುರುಮನೆ

ಸುಡಾನಿನಲ್ಲಿ ಕಬ್ಬು ಅರೆಯುವ ಹಂಗಾಮು ನವೆಂಬರಿಗೆ ಶುರುವಾದರೆ ಏಪ್ರಿಲ್‌ವರೆಗೂ ನಡೆಯುತ್ತದೆ. ಹಾಗಾಗಿ ಸಕ್ಕರೆ ಕಾರ್ಖಾನೆಯವರ ಮನೆಗಳಿಗೆ ಸಂಕ್ರಾಂತಿ, ಶಿವರಾತ್ರಿ, ಯುಗಾದಿ ಯಾವುದಕ್ಕೂ ಊರಿನ ರಜೆ ಸಿಗುವುದಿಲ್ಲ. ನಾನು ಮಳವಳ್ಳಿ ಕಡೆಯ ಹೆಣ್ಣು, ಮದ್ದೂರಿಗೆ ಸೊಸೆಯಾಗಿ ಬಂದವಳು. ನಮ್ಮೆಜಮಾನರು ಮಂಡ್ಯದಲ್ಲಿ ಸಕ್ಕರೆ ಕುದಿಸುವ ಕೆಲಸ ಕಲಿತು ಬಿಳಿ ನೈಲ್ ಬಯಲಿನ ಒಂದು ಕಾರ್ಖಾನೆಗೆ ಸೇರಿದಾಗ ನಾನೂ ಜೊತೆಗೆ ಹೋದೆ. ಅಲ್ಲಿದ್ದಷ್ಟು ವರ್ಷವೂ ಆ ದೇಶ ಒಂದಲ್ಲ ಒಂದು ಕಡೆ ಹೊತ್ತಿ ಉರಿಯುತ್ತಲೇ ಇತ್ತು, ನಮ್ಮ ಹಬ್ಬಗಳೂ ಅದರ ನಡುವೆಯೇ ಬಂದು ಹೋದವು.

ಎಳ್ಳು-ಬೆಲ್ಲಕ್ಕೆ ಬೇಕಾದ್ದರಲ್ಲಿ ಎಳ್ಳು, ಕಡ್ಲೆಕಾಯಿ ಬೀಜ ಅಲ್ಲಿ ಹೇರಳ. ಪೂರ್ವದ ಗೆದಾರಿಫ್ ಎಳ್ಳಿನ ಮಾರುಕಟ್ಟೆಗೇ ಹೆಸರಾದ ಊರು. ಕಬ್ಬಂತೂ ಬಾಗಿಲಲ್ಲೇ ಇತ್ತು. ಸಿಗದಿದ್ದದ್ದು ಬೆಲ್ಲ, ಕೊಬ್ಬರಿ, ಹುರಿಗಡಲೆ. ಊರಿಗೆ ಬಂದಾಗಲೆಲ್ಲ ಆಲೆಮನೆಯ ಅಚ್ಚುಬೆಲ್ಲವನ್ನೂ ಕೊಬ್ಬರಿ ಬಟ್ಟಲುಗಳನ್ನೂ ಕಟ್ಟಿಕೊಂಡು ಹೋಗಿ, ಸಂಕ್ರಾಂತಿಗೆಂದೇ ಎತ್ತಿಡುತ್ತಿದ್ದೆ.

2018ರ ಡಿಸೆಂಬರ್ 19ರಂದು ಉತ್ತರದ ಅತ್ಬರಾ ಊರಿನಲ್ಲಿ ಬ್ರೆಡ್ಡಿನ ಬೆಲೆಗಾಗಿ ಜನ ಬೀದಿಗಿಳಿದರು. ಒಂದು ಪೌಂಡಿನ ಬ್ರೆಡ್ಡು ಮೂರು ಪೌಂಡಾಗಿತ್ತು. ಬೆಂಕಿ ದೇಶವಿಡೀ ಹಬ್ಬಿತು. ವಾಟ್ಸಾಪ್, ಫೇಸ್‌ಬುಕ್ ತಡೆದರು. ಸಂಬಳ ಬ್ಯಾಂಕಿನಲ್ಲಿದ್ದರೂ ನೋಟು ಕೈಗೆ ಬರುತ್ತಿರಲಿಲ್ಲ. ಜನವರಿ ಬಂದಾಗ ನಮ್ಮ ಕಾಲೊನಿಯ ಭಾರತೀಯ ಮನೆಗಳವರು, ಈ ಸಲ ಹಬ್ಬ ಬೇಡ, ಗೇಟು ಹಾಕಿಕೊಂಡು ಸುಮ್ಮನಿರೋಣ ಎಂದರು. ಅವರ ಭಯ ಸುಳ್ಳಾಗಿರಲಿಲ್ಲ. ಆದರೂ ಎಳ್ಳು ಬೀರದೆ ಸಂಕ್ರಾಂತಿ ಕಳೆಯಲು ನನಗೆ ಮನಸ್ಸು ಒಪ್ಪಲಿಲ್ಲ. ಒಂದು ತಟ್ಟೆ ಹಿಡಿದು ಎದುರುಮನೆಗೆ ಹೋದೆ. ಅದು ಸುಡಾನಿನವರ ಮನೆ. ಅಲ್ಲಿನ ಹಿರಿಯಾಕೆಯನ್ನು ಎಲ್ಲರಂತೆ ನಾನೂ ‘ಖಾಲ್ತಿ’ ಎನ್ನುತ್ತಿದ್ದೆ, ನಮ್ಮಲ್ಲಿ ಚಿಕ್ಕಮ್ಮ ಎಂದ ಹಾಗೆ. ಆಕೆ ಎಳ್ಳನ್ನು ಬಾಯಿಗೆ ಹಾಕಿಕೊಂಡು, ಬೆಲ್ಲದ ಚೂರನ್ನು ಬೆರಳಲ್ಲಿ ತಿರುಗಿಸಿ ನೋಡಿ, ನನ್ನನ್ನು ಕೂರಿಸಿದಳು. ನನ್ನ ಹರಕು ಅರಬ್ಬಿಯಲ್ಲೇ ಮಾತು ಸಾಗಿತು. ಯಾವ ಬಂಕಿಗೆ ಡೀಸೆಲ್ ಬಂದಿದೆ, ಯಾವ ವಾರ ಪೇಟೆಗೆ ಹೋಗಬಾರದು ಎಂಬುದೆಲ್ಲ ಆ ಸಂಜೆ ತಿಳಿಯಿತು. ನಮ್ಮ ಕಾಲೊನಿಯಲ್ಲಿ ಯಾರಿಗೂ ಆ ಸುದ್ದಿ ಇರಲಿಲ್ಲ.

ಮಂಡ್ಯದವರಿಗೆ ರಸ್ತೆ ತಡೆ ಹೊಸದಲ್ಲ. 2016ರ ಸೆಪ್ಟೆಂಬರಿನಲ್ಲಿ ಗೌರಿ-ಗಣೇಶ ಮುಗಿಯುವಷ್ಟರಲ್ಲಿ ಕಾವೇರಿ ಚಳವಳಿ ಎದ್ದು, ಸಂಜಯ ವೃತ್ತದಲ್ಲಿ ಧರಣಿ ಕೂತು, ಹೆದ್ದಾರಿಯಲ್ಲಿ ಟಯರ್ ಉರಿದದ್ದನ್ನು ನೋಡಿದವರು ನಾವು. ಆದರೆ ಅಲ್ಲಿ ಕೂತವರು ಯಾರು, ಅವರ ಸಿಟ್ಟು ಯಾರ ಮೇಲೆ, ಯಾವ ಹಳ್ಳಿಯ ಒಳದಾರಿ ಹಿಡಿದರೆ ಮನೆ ಸೇರಬಹುದು ಎಂಬುದೆಲ್ಲ ನಮಗೆ ಗೊತ್ತಿರುತ್ತದೆ. ಪರದೇಶದಲ್ಲಿ ಹೊಗೆ ಕಂಡರೆ ಇದೊಂದೂ ಗೊತ್ತಾಗುವುದಿಲ್ಲ. ಗುಂಡಿನ ಸದ್ದಿಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಈ ತಿಳಿಯದಿರುವಿಕೆ. ಅದಕ್ಕೆ ಔಷಧಿ ಟಿವಿಯಲ್ಲಿ ಸಿಗಲಿಲ್ಲ, ಎದುರುಮನೆಯಲ್ಲಿ ಸಿಕ್ಕಿತು.

ಆಮೇಲೆ ಹಬ್ಬಗಳು ಎರಡೂ ಕಡೆಯಿಂದ ನಡೆದವು. ರಂಜಾನಿನಲ್ಲಿ ಖಾಲ್ತಿ ಹುಳಿ-ಸಿಹಿಯ ‘ಹಿಲು ಮುರ್’ ಪಾನಕ ಕಳಿಸುತ್ತಿದ್ದಳು. ಸಂಜೆ ಉಪವಾಸ ಬಿಡುವ ಹೊತ್ತಿಗೆ ಗಂಡಸರು ಬೀದಿಯಲ್ಲೇ ಚಾಪೆ ಹಾಸಿ, ದಾರಿಹೋಕರನ್ನು ಕರೆದು ಉಣ್ಣಿಸುವುದು ಆ ದೇಶದ ಪದ್ಧತಿ. ಗೆಜೀರಾ ಸೀಮೆಯ ಹಳ್ಳಿಗಳಲ್ಲಿ ಹೆದ್ದಾರಿಗೆ ಅಡ್ಡ ನಿಂತು ಬಸ್ಸುಗಳನ್ನೇ ಇಳಿಸಿಕೊಳ್ಳುತ್ತಾರೆ. ಊಟಕ್ಕಾಗಿ ರಸ್ತೆ ತಡೆಯುವ ಆ ಜನರ ಮೇಲೆ ನನಗೆ ಇಂದಿಗೂ ಬಹಳ ಗೌರವ.

2021ರ ದೀಪಾವಳಿ ಬೇರೆಯೇ ಥರ. ಅಕ್ಟೋಬರ್ 25ರಂದು ಸೇನೆ ಪ್ರಧಾನಿ ಹಮ್ದೋಕ್ ಅವರನ್ನು ಹಿಡಿದಿಟ್ಟು ಅಧಿಕಾರ ಕಿತ್ತುಕೊಂಡಿತು. ನಿಂತ ಇಂಟರ್ನೆಟ್ ಮರಳಿ ಬಂದದ್ದು ನವೆಂಬರ್ 18ರ ಹೊತ್ತಿಗೆ. ನರಕ ಚತುರ್ದಶಿ, ಬಲಿಪಾಡ್ಯಮಿ ಆ ಮೌನದಲ್ಲೇ ಕಳೆದವು. ಎಳ್ಳೆಣ್ಣೆ ಅಲ್ಲಿ ದಿನಬಳಕೆಯ ಎಣ್ಣೆ, ಅದರಲ್ಲೇ ದೀಪ ಹಚ್ಚಿದೆ. ಪಟಾಕಿಯ ಮಾತನ್ನೇ ಎತ್ತಲಿಲ್ಲ. ಸದ್ದು ಕೇಳಿದರೆ ಪಕ್ಕದ ಮನೆಯ ಮಕ್ಕಳು ಮಂಚದ ಕೆಳಗೆ ಸೇರುವ ಕಾಲ ಅದು. ಊರಿನಲ್ಲಿ ನಮ್ಮತ್ತೆ ಫೋನ್ ಹಿಡಿದು ಕೂತಿದ್ದರಂತೆ. ಹಬ್ಬದ ದಿನ ಮಾತು ಬಾರದಿದ್ದರೆ ಎಷ್ಟು ದಿನ ತಾಳಬೇಕು, ಆಮೇಲೆ ಯಾರಿಗೆ ಫೋನ್ ಮಾಡಬೇಕು ಎಂದು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳುವುದನ್ನು ಆ ದೀಪಾವಳಿ ಕಲಿಸಿತು.

2023ರ ಏಪ್ರಿಲ್ 15, ರಂಜಾನಿನ ಕೊನೆಯ ವಾರ. ಜನರಲ್ ಬುರ್ಹಾನ್ ಅವರ ಸೇನೆಗೂ ಹೆಮೆದ್ತಿ ಎಂದು ಕರೆಸಿಕೊಳ್ಳುವ ದಗಾಲೊ ಅವರ ಅರೆಸೇನಾ ಪಡೆಗೂ ಖಾರ್ತೂಮಿನಲ್ಲಿ ಕದನ ಶುರುವಾಯಿತು. ನಮ್ಮ ಕಡೆ ಇನ್ನೂ ಶಾಂತವಾಗಿತ್ತು. ಆದರೆ ರಾಜಧಾನಿಯಿಂದ ಹಾಸಿಗೆ ಹೇರಿಕೊಂಡ ವಾಹನಗಳು ಒಂದೇ ಸಮನೆ ಬಂದವು. ಏಪ್ರಿಲ್ 21ರ ಈದ್ ದಿನ ಖಾಲ್ತಿಯ ಮನೆ ತುಂಬ ನೆಂಟರು. ಅವರಲ್ಲಿ ಎಷ್ಟೋ ಜನ ಉಟ್ಟ ಬಟ್ಟೆಯಲ್ಲಿ ಬಂದವರು. ಅಷ್ಟರಲ್ಲೂ ಆಕೆ ಈದಿನ ‘ಕಹಕ್’ ಬಿಸ್ಕತ್ತಿನ ತಟ್ಟೆ ಕಳಿಸಿದಳು. ನಾನು ಬೇಳೆ ಒಬ್ಬಟ್ಟು ಮಾಡಿಕೊಂಡು ಹೋದೆ.

ಊರಿಗೆ ಹೊರಡೋಣವೆಂದರೆ ನಮ್ಮ ಪಾಸ್‌ಪೋರ್ಟುಗಳು ಕಾರ್ಖಾನೆ ಕಚೇರಿಯ ಬೀರುವಿನಲ್ಲಿದ್ದವು. ಬೀಗದ ಕೈ ಇದ್ದಾತ ಈದ್ ರಜೆಗೆ ಹಳ್ಳಿಗೆ ಹೋಗಿ, ಫೋನಿಗೆ ಸಿಗುತ್ತಿರಲಿಲ್ಲ. ಇದನ್ನು ಕೇಳಿದ ಖಾಲ್ತಿ ಮಗನನ್ನು ಕರೆದು, ಹಬ್ಬದೂಟದಿಂದ ಎಬ್ಬಿಸಿ, ಆ ಹಳ್ಳಿಗೆ ಕಳಿಸಿದಳು. ಅವನು ಕೀಲಿ ಇದ್ದವನನ್ನೇ ಕರೆತಂದ. ಖಾರ್ತೂಮಿನ ಕಡೆ ತಲೆಹಾಕಬೇಡಿ, ಸೆನ್ನಾರ್, ಗೆದಾರಿಫ್, ಕಸಲಾ ಮೇಲೆ ಪೋರ್ಟ್ ಸುಡಾನಿಗೆ ಹೋಗಿ ಎಂದು ದಾರಿ ಹೇಳಿದವನೂ ಅವನೇ. ಎಳ್ಳಿನ ಸೀಮೆಯ ನಡುವೆ ನಮ್ಮ ಬಸ್ಸು ಸಾಗಿತು.

ಏಪ್ರಿಲ್ 24ಕ್ಕೆ ಭಾರತ ಸರ್ಕಾರದ ‘ಆಪರೇಷನ್ ಕಾವೇರಿ’ ಶುರುವಾಗಿತ್ತು. ಪೋರ್ಟ್ ಸುಡಾನಿನಿಂದ ಜೆದ್ದಾ, ಅಲ್ಲಿಂದ ಸ್ವದೇಶ. 3,800ಕ್ಕೂ ಹೆಚ್ಚು ಜನರನ್ನು ಹಾಗೆ ಕರೆತಂದರು. ಗಿಡಮೂಲಿಕೆ ಔಷಧಿ ಮಾರಲು ಹೋಗಿ ಗುಂಡಿನ ನಡುವೆ ಸಿಕ್ಕಿಬಿದ್ದಿದ್ದ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನರ ಪಾಡು ನಮ್ಮದಕ್ಕಿಂತ ಎಷ್ಟೋ ಪಾಲು ಕಷ್ಟದ್ದು. ಊರು ಸೇರಿದಾಗ ಇಲ್ಲಿ ವಿಧಾನಸಭೆ ಚುನಾವಣೆಯ ಮೈಕುಗಳು ಕೂಗುತ್ತಿದ್ದವು. ಆಳುವವರನ್ನು ಓಟಿನಿಂದ ಇಳಿಸಬಹುದು ಎಂಬುದು ಎಷ್ಟು ದೊಡ್ಡ ಭಾಗ್ಯವೆಂದು ಅಂದು ಅನ್ನಿಸಿತು.

ಖಾಲ್ತಿಯ ಮಗಳನ್ನು ಕೊಟ್ಟದ್ದು ವಾದ್ ಮದನಿಗೆ. 2023ರ ಡಿಸೆಂಬರಿನಲ್ಲಿ ಆ ಊರು ಅರೆಸೇನಾ ಪಡೆಯ ಕೈಗೆ ಬಿದ್ದಾಗ ಮಕ್ಕಳನ್ನು ಎತ್ತಿಕೊಂಡು ಓಡಿದಳು. 2025ರ ಜನವರಿ 11ರಂದು ಸೇನೆ ಅದನ್ನು ಮರಳಿ ಪಡೆದ ಸುದ್ದಿ ನಮಗೆ ಸಂಕ್ರಾಂತಿಯ ಎಳ್ಳು ಹುರಿಯುವಾಗ ಬಂತು. ಆ ಮಗಳು ಇನ್ನೂ ಮನೆಗೆ ಮರಳಿಲ್ಲ.

ಈಗ ಮದ್ದೂರು, ಮಳವಳ್ಳಿಯ ಹುಡುಗರು ಹೊರದೇಶದ ಕೆಲಸ ಸಿಕ್ಕಾಗ ನಮ್ಮ ಮನೆಗೆ ಬಂದು ಕೇಳುತ್ತಾರೆ. ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ, ಪಾಸ್‌ಪೋರ್ಟನ್ನು ಯಾರ ಬೀರುವಿಗೂ ಕೊಡಬೇಡಿ ಎಂದು ನಮ್ಮೆಜಮಾನರು ಹೇಳುತ್ತಾರೆ. ನಾನು ಅವರ ಹೆಂಡತಿಯರನ್ನು ಅಡುಗೆಮನೆಗೆ ಕರೆದು ಕೂರಿಸಿಕೊಳ್ಳುತ್ತೇನೆ. ಆ ದೇಶದ ಹಬ್ಬಗಳ ತಾರೀಕು ಗುರುತು ಹಾಕಿಕೊಳ್ಳಿ, ಆ ದಿನಗಳಲ್ಲಿ ಬ್ಯಾಂಕು, ಕಚೇರಿ ಮುಚ್ಚಿರುತ್ತವೆ, ಮುಂಚೆಯೇ ದುಡ್ಡು ತೆಗೆದಿಟ್ಟುಕೊಳ್ಳಿ ಎನ್ನುತ್ತೇನೆ. ಮೊದಲ ಹಬ್ಬ ಬಂದಾಗ, ಅದು ಯಾವುದೇ ಆಗಲಿ, ಎದುರುಮನೆಗೆ ಒಂದು ತಟ್ಟೆ ಕೊಟ್ಟು ಬನ್ನಿ ಎಂದೂ ಹೇಳಿ ಕಳಿಸುತ್ತೇನೆ.