ಸಿಗರೇಟು ಬಿಡಿಸುವ ಗಮ್: ಕಾಫಿ ಕುಡಿದ ಬಾಯಿಗೆ ಹಾಕಬೇಡಿ

ಔಷಧದ ಅಂಗಡಿಗೆ ಬಂದು, ಪಕ್ಕದವರಿಗೆ ಕೇಳಿಸದಂತೆ “ವೇಪ್ ಸಿಗುತ್ತಾ?” ಎಂದು ಕೇಳುವವರು ಈಗಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಹೊಸ ಶೋಕಿಗೆ ಕೇಳುವುದಿಲ್ಲ, ಸಿಗರೇಟು ಬಿಡಬೇಕೆಂದೇ ಕೇಳುತ್ತಾರೆ. ಲಂಡನ್ನಿನಲ್ಲಿರುವ ಅಣ್ಣನೋ ಭಾವನೋ ಫೋನಿನಲ್ಲಿ ಹೇಳಿರುತ್ತಾರೆ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೇ ಸಿಗರೇಟು ಬಿಡುವವರಿಗೆ ಇ-ಸಿಗರೇಟು ಸೂಚಿಸುತ್ತದೆ ಅಂತ. ಮಾತು ನಿಜ. ಆದರೆ ಅಲ್ಲಿ ಅದಕ್ಕೊಂದು ಕಟ್ಟುಪಾಡಿದೆ, ದ್ರವದಲ್ಲಿ ನಿಕೋಟಿನ್ ಎಷ್ಟಿರಬೇಕೆಂಬ ಮಿತಿಯಿದೆ. ಇಲ್ಲಿ ಹಾಗಲ್ಲ, ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರ ಕೇಂದ್ರ ಕಾಯ್ದೆ ಇಡೀ ದೇಶದಲ್ಲಿ ಇದರ ತಯಾರಿಕೆ, ಆಮದು, ಮಾರಾಟ, ಸಾಗಣೆ, ದಾಸ್ತಾನು, ಜಾಹೀರಾತು ಎಲ್ಲವನ್ನೂ ನಿಲ್ಲಿಸಿದೆ. ಮಾರಿ ಮೊದಲ ಸಲ ಸಿಕ್ಕಿಬಿದ್ದವರಿಗೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಇಲ್ಲಿ ಕದ್ದುಮುಚ್ಚಿ ಸಿಗುವುದೆಲ್ಲ ಕಳ್ಳಮಾಲು. ಒಳಗೆ ಏನಿದೆ, ಎಷ್ಟಿದೆ ಎಂದು ಯಾರೂ ಪರೀಕ್ಷಿಸಿಲ್ಲ. ವಿದೇಶದಿಂದ ಬರುವ ನೆಂಟರಿಗೂ ತರಬೇಡಿ ಎಂದೇ ಹೇಳಿ.

ಕಾನೂನಿನ ಒಳಗೇ, ಪರೀಕ್ಷೆಗೊಳಪಟ್ಟು ಸಿಗುವುದು ನಿಕೋಟಿನ್ ಗಮ್, ಲಾಜೆಂಜ್ ಮತ್ತು ಚರ್ಮಕ್ಕೆ ಅಂಟಿಸುವ ಪ್ಯಾಚ್. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಗಮ್ ಮತ್ತು ಪ್ಯಾಚನ್ನು ಅತ್ಯವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು, ನಮ್ಮ ರಾಷ್ಟ್ರೀಯ ಪಟ್ಟಿಗೆ 2022ರಲ್ಲಿ ಸೇರಿದವು. ಗಮ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಹೊಗೆ ಎಳೆಯುವಂತಿಲ್ಲದ ಜಲಾಂತರ್ಗಾಮಿಯಲ್ಲಿ ನಾವಿಕರು ಬಾಯಲ್ಲಿ ತಂಬಾಕು ಇಟ್ಟುಕೊಂಡು ಚಟ ತೀರಿಸಿಕೊಳ್ಳುತ್ತಿದ್ದುದನ್ನು ಸಂಶೋಧಕರು ಗಮನಿಸಿದರು. ಅದರಿಂದಲೇ ಊವೆ ಫರ್ನೋ ಎಂಬ ವಿಜ್ಞಾನಿಗೆ ಗಮ್ಮಿನ ಆಲೋಚನೆ ಬಂತು. ಇದು ಬಾಯಲ್ಲಿ ಇಟ್ಟುಕೊಳ್ಳುವ ವಸ್ತುವಾಗಿಯೇ ಹುಟ್ಟಿದ್ದು ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಗಮ್ ಕೊಂಡವರಲ್ಲಿ ಬಹಳ ಜನ ಒಂದೇ ವಾರದಲ್ಲಿ ವಾಪಸು ಬಂದು “ಇದು ಕೆಲಸ ಮಾಡಲ್ಲ ಸಾರ್, ಬರೀ ಬಿಕ್ಕಳಿಕೆ, ಎದೆಯುರಿ” ಎನ್ನುತ್ತಾರೆ. ಹೇಗೆ ತಿಂದಿರಿ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ. ಮಾಮೂಲಿ ಚೂಯಿಂಗ್ ಗಮ್ಮಿನಂತೆ ಪಟಪಟನೆ ಅಗಿದಿರುತ್ತಾರೆ, ಅದೂ ಕಾಫಿ ಕುಡಿದ ಬಾಯಲ್ಲಿ. ಸಾವಿರಾರು ರೂಪಾಯಿ ಸಿಗರೇಟಿಗೆ ಸುಟ್ಟ ಮನುಷ್ಯ ಬಿಡಲು ಮನಸ್ಸು ಮಾಡುವುದೇ ಅಪರೂಪ. ಆ ಮನಸ್ಸು ಇಂಥ ಸಣ್ಣ ತಪ್ಪಿಗೆ ಮುರಿದುಹೋದರೆ ನನಗೆ ಸಂಕಟವಾಗುತ್ತದೆ.

ಯಾವ ಶಕ್ತಿಯದು ಕೊಳ್ಳಬೇಕು?

ಗಮ್ 2 ಮಿಲಿಗ್ರಾಂ ಮತ್ತು 4 ಮಿಲಿಗ್ರಾಂ ಎಂಬ ಎರಡು ಶಕ್ತಿಯಲ್ಲಿ ಬರುತ್ತದೆ. ಯಾವುದು ನಿಮ್ಮದು ಎಂದು ತಿಳಿಯಲು ದಿನಕ್ಕೆ ಎಷ್ಟು ಸೇದುತ್ತೀರಿ ಎಂಬುದಕ್ಕಿಂತ ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಹಚ್ಚುತ್ತೀರಿ ಎಂಬುದು ಮುಖ್ಯ. ಎದ್ದು ಅರ್ಧ ಗಂಟೆಯೊಳಗೆ ಬೇಕೇಬೇಕು ಎನ್ನುವವರಿಗೆ 4 ಮಿಲಿಗ್ರಾಂ. ತಿಂಡಿ ಮುಗಿಸಿ, ಆಫೀಸು ತಲುಪಿ, ಆಮೇಲೆ ಸೇದುವವರಿಗೆ 2 ಸಾಕು. ನಮ್ಮಲ್ಲಿ 2 ಮಿಲಿಗ್ರಾಮಿನದು ಚೀಟಿಯಿಲ್ಲದೆ ಸಿಗುತ್ತದೆ, 4ಕ್ಕೆ ವೈದ್ಯರ ಚೀಟಿ ಬೇಕು. ಇದರಿಂದಾಗಿ 4 ಬೇಕಾದವರೂ 2 ಕೊಂಡು ಹೋಗಿ, ಚಡಪಡಿಸಿ, ಮತ್ತೆ ಪ್ಯಾಕೆಟ್ಟು ಹಿಡಿಯುತ್ತಾರೆ. ಚೀಟಿ ಬರೆಸಿಕೊಳ್ಳಲು ಸಂಕೋಚ ಬೇಡ. ಹತ್ತಿರದ ಎಂಬಿಬಿಎಸ್ ವೈದ್ಯರು ಬರೆದುಕೊಟ್ಟರೂ ನಡೆಯುತ್ತದೆ.

ಬೀಡಿ ಸೇದುವವರು “ನಂದು ಬರೀ ಬೀಡಿ, ಸಣ್ಣದು” ಎಂದು ಲೆಕ್ಕ ಕಡಿಮೆ ಮಾಡಿಕೊಳ್ಳಬಾರದು. ಬೀಡಿಯಲ್ಲಿ ತಂಬಾಕು ಕಡಿಮೆಯಿದ್ದರೂ ಎಲೆಯ ಸುರುಳಿಯಲ್ಲಿ ಗಾಳಿಯಾಡುವುದಿಲ್ಲ, ಆರದಂತೆ ಮತ್ತೆ ಮತ್ತೆ ಜಗ್ಗಿ ಎಳೆಯಬೇಕು. ಟಾರು, ಕಾರ್ಬನ್ ಮಾನಾಕ್ಸೈಡ್, ನಿಕೋಟಿನ್ ಯಾವುದೂ ಸಿಗರೇಟಿಗಿಂತ ಕಡಿಮೆ ಹೋಗುವುದಿಲ್ಲ.

ಕಟ್ಟುಹಲ್ಲು ಇದ್ದವರಿಗೆ ಗಮ್ ಅಂಟಿಕೊಂಡು ಹಿಂಸೆಯಾಗುತ್ತದೆ. ಅವರು ಲಾಜೆಂಜ್ ತೆಗೆದುಕೊಳ್ಳಲಿ, ಅದನ್ನು ಕಡಿಯದೆ ತಾನಾಗಿ ಕರಗಲು ಬಿಡಲಿ.

ಅಗಿಯುವ ಕ್ರಮ

ಒಂದು ಗಮ್ ಬಾಯಿಗೆ ಹಾಕಿ ನಿಧಾನವಾಗಿ, ಎಣಿಸಿದಂತೆ ಅಗಿಯಿರಿ. ಸ್ವಲ್ಪ ಹೊತ್ತಿಗೆ ಮೆಣಸು ಕಚ್ಚಿದಂಥ ಖಾರ, ಚುರುಚುರು ಶುರುವಾಗುತ್ತದೆ. ಆದ ತಕ್ಷಣ ಅಗಿಯುವುದನ್ನು ನಿಲ್ಲಿಸಿ, ಗಮ್ಮನ್ನು ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿ ಇಡಿ. ಹೊಗೆಸೊಪ್ಪು ದವಡೆಗೆ ಇಟ್ಟುಕೊಂಡವರನ್ನು ನೋಡಿದ್ದರೆ ಇದನ್ನು ವಿವರಿಸಬೇಕಿಲ್ಲ. ಒಂದೆರಡು ನಿಮಿಷದಲ್ಲಿ ಚುರುಚುರು ಇಳಿಯುತ್ತದೆ. ಆಗ ಮತ್ತೆ ನಾಲ್ಕಾರು ಸಲ ಅಗಿದು, ಖಾರ ಬಂದ ಕೂಡಲೇ ಇನ್ನೊಂದು ಕಡೆಯ ಕೆನ್ನೆಗೆ ಸರಿಸಿ. ಹೀಗೆ ಸುಮಾರು ಅರ್ಧ ಗಂಟೆ. ಎಷ್ಟು ಅಗಿದರೂ ಖಾರ ಬಾರದಿದ್ದಾಗ ಅದರ ಕೆಲಸ ಮುಗಿದಿದೆ, ಕಾಗದದಲ್ಲಿ ಸುತ್ತಿ ಎಸೆಯಿರಿ.

ನಿಕೋಟಿನ್ ರಕ್ತಕ್ಕೆ ಸೇರಬೇಕಾದದ್ದು ಕೆನ್ನೆಯ ಒಳಪದರದಿಂದ. ಬಿಡದೆ ಅಗಿದರೆ ಅದೆಲ್ಲ ಜೊಲ್ಲಿನ ಜೊತೆ ಹೊಟ್ಟೆಗೆ ಇಳಿಯುತ್ತದೆ. ಹೊಟ್ಟೆಗೆ ಹೋದದ್ದರಲ್ಲಿ ಹೆಚ್ಚಿನ ಪಾಲನ್ನು ಯಕೃತ್ತು ಮೊದಲೇ ಒಡೆದುಹಾಕುತ್ತದೆ. ಮಿದುಳಿಗೆ ಸಿಗುವುದು ಚೂರೇ ಚೂರು, ಗಂಟಲಿಗೆ ಉರಿ, ಹೊಟ್ಟೆಗೆ ತೊಳಸು, ಮೇಲೊಂದು ಬಿಕ್ಕಳಿಕೆ.

ಕಾಫಿಯ ವಿಚಾರ

ಇದನ್ನು ವಿಸ್ತಾರವಾಗಿ ಹೇಳದೆ ಬಿಡಲಾರೆ, ಏಕೆಂದರೆ ನಮ್ಮ ಊರುಗಳಲ್ಲಿ ಗಮ್ ಸೋಲುವುದು ಇಲ್ಲೇ.

ಕೆನ್ನೆಯ ಪದರ ನಿಕೋಟಿನ್ ಹೀರಬೇಕಾದರೆ ಬಾಯಿ ಸ್ವಲ್ಪ ಕ್ಷಾರೀಯವಾಗಿರಬೇಕು. ಅದಕ್ಕೆಂದೇ ತಯಾರಕರು ಗಮ್ಮಿನೊಳಗೆ ಸೋಡಿಯಂ ಕಾರ್ಬೊನೇಟಿನಂಥ ಕ್ಷಾರ ಬೆರೆಸುತ್ತಾರೆ. ಬಾಯಿ ಹುಳಿಯಾಗಿದ್ದರೆ ಆ ಕ್ಷಾರ ಅದನ್ನು ಸರಿಪಡಿಸುವುದರಲ್ಲೇ ತೀರಿಹೋಗುತ್ತದೆ, ನಿಕೋಟಿನ್ ಪದರವನ್ನು ದಾಟದೆ ಜೊಲ್ಲಿನಲ್ಲಿ ಉಳಿಯುತ್ತದೆ. ಕಾಫಿ ಆಮ್ಲೀಯ. ಕೋಲಾ, ನಿಂಬೆ ಶರಬತ್ತು, ಕಿತ್ತಳೆ ರಸ ಇನ್ನೂ ಹೆಚ್ಚು. ಮಜ್ಜಿಗೆ, ಹುಣಸೆಹುಳಿಯ ಸಾರು, ಚಿತ್ರಾನ್ನ ಕೂಡ ಅದೇ ಗುಂಪಿನವು. ಹೀಗಾಗಿ ಗಮ್ ಹಾಕುವ 15 ನಿಮಿಷ ಮುಂಚಿನಿಂದ, ಮತ್ತು ಅದು ಬಾಯಲ್ಲಿರುವಷ್ಟೂ ಹೊತ್ತು, ಏನನ್ನೂ ತಿನ್ನಬಾರದು, ಕುಡಿಯಬಾರದು. ಈ ಸಾಲು ಪೊಟ್ಟಣದೊಳಗಿನ ಕಾಗದದಲ್ಲಿ ಇದ್ದೇ ಇದೆ. ಅದನ್ನು ಬಿಡಿಸಿ ಓದಿದವರನ್ನು ನಾನು ಕಂಡದ್ದು ಬಹಳ ಕಡಿಮೆ.

ತೊಂದರೆ ಏನೆಂದರೆ, ನಮ್ಮಲ್ಲಿ ಸಿಗರೇಟಿನ ಹೊತ್ತೂ ಕಾಫಿಯ ಹೊತ್ತೂ ಒಂದೇ. ದರ್ಶಿನಿಯಲ್ಲಿ ಬೈ-ಟು ಕಾಫಿ ಹಿಡಿದು ಪಕ್ಕದ ಪೆಟ್ಟಿಗೆ ಅಂಗಡಿಯ ಮುಂದೆ ನಿಲ್ಲುತ್ತೇವೆ, ಒಂದು ಗುಟುಕು, ಒಂದು ದಮ್ಮು. ಬಿಡುವ ಮನಸ್ಸು ಮಾಡಿದವರು ದಮ್ಮಿನ ಜಾಗಕ್ಕೆ ಗಮ್ ಇಡುತ್ತಾರೆ, ಗುಟುಕು ಹಾಗೇ ಮುಂದುವರಿಯುತ್ತದೆ. ಗಮ್ ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ ಅದು ಅತ್ಯಂತ ನಿರುಪಯುಕ್ತವಾಗುತ್ತದೆ. ಅಲ್ಲಿ ಆಸೆ ತಡೆಯಲಾಗದೆ ಪೆಟ್ಟಿಗೆ ಅಂಗಡಿಯತ್ತ ಕೈ ಚಾಚಿದರೆ ಅದು ಅವರ ಮನೋಬಲದ ಕೊರತೆಯಲ್ಲ. ಔಷಧವೇ ಒಳಗೆ ಹೋಗಿಲ್ಲ.

ದಾರಿ ಸುಲಭ. ಮೊದಲು ಗಮ್, ಆಮೇಲೆ ಕಾಫಿ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ ಗಮ್ ಹಾಕಿಕೊಳ್ಳಿ, ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವವರೆಗೆ ಅದು ಕೆಲಸ ಮಾಡಲಿ, ಉಗಿದು ಲೋಟ ಹಿಡಿಯಿರಿ. ಆಫೀಸಿನ ಹನ್ನೊಂದು ಗಂಟೆಯ ಕಾಫಿಗೆ ಹೋಗುವವರು ಹತ್ತೂವರೆಗೇ ಗಮ್ ಹಾಕಲಿ. ಮರೆತು ಮೊದಲೇ ಕುಡಿದುಬಿಟ್ಟರೆ ನೀರಿನಲ್ಲಿ ಚೆನ್ನಾಗಿ ಮುಕ್ಕಳಿಸಿ ಕಾಲು ಗಂಟೆ ತಡೆಯಿರಿ. ಮೊದಲ ಎರಡು ವಾರ ಪೆಟ್ಟಿಗೆ ಅಂಗಡಿ ಅಂಟಿಕೊಂಡಿರುವ ದರ್ಶಿನಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ ಎಂದೂ ನಾನು ಹೇಳುತ್ತೇನೆ.

ಕಾಫಿಯಲ್ಲಿ ಇನ್ನೊಂದು ತೊಡಕಿದೆ, ಇದು ವೈದ್ಯರೂ ಎಷ್ಟೋ ಸಲ ಹೇಳುವುದಿಲ್ಲ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸುತ್ತವೆ, ಕೆಫೀನನ್ನು ಒಡೆಯುವುದೂ ಅದೇ ಕಿಣ್ವ. ಅದಕ್ಕೇ ಸೇದುವವರಿಗೆ ಐದಾರು ಕಪ್ಪು ಕಾಫಿಯೂ ಹತ್ತುವುದಿಲ್ಲ. ಸಿಗರೇಟು ಬಿಟ್ಟ ಕೆಲವೇ ದಿನಗಳಲ್ಲಿ ಕಿಣ್ವ ಮಾಮೂಲಿಗೆ ಬರುತ್ತದೆ. ಕುಡಿಯುವ ಕಾಫಿ ಅಷ್ಟೇ ಇದ್ದರೂ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟಾಗಬಹುದು. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ರಾತ್ರಿ ನಿದ್ದೆ ಬಾರದು, ಮನೆಯವರ ಮೇಲೆ ರೇಗುತ್ತೀರಿ. ಇದೆಲ್ಲ ಸಿಗರೇಟು ಬಿಟ್ಟದ್ದರ ಶಿಕ್ಷೆ ಎಂದುಕೊಂಡು ಮತ್ತೆ ಹಚ್ಚುತ್ತೀರಿ. ಬಿಡುವ ದಿನದಿಂದಲೇ ಕಾಫಿಯನ್ನು ಅರ್ಧಕ್ಕೆ ಇಳಿಸಿ. ಸಂಜೆ ಐದರ ನಂತರ ಬೇಡವೇ ಬೇಡ.

ಇದೇ ಕಿಣ್ವದಿಂದ ಒಡೆಯುವ ಔಷಧಗಳೂ ಇವೆ. ಉಬ್ಬಸಕ್ಕೆ ಥಿಯೋಫಿಲಿನ್ ನುಂಗುವವರು, ಮಾನಸಿಕ ಕಾಯಿಲೆಗೆ ಕ್ಲೊಜಪಿನ್ ಅಥವಾ ಒಲಾಂಜಪಿನ್ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮೊದಲೇ ತಮ್ಮ ವೈದ್ಯರಿಗೆ ತಿಳಿಸಲೇಬೇಕು. ಡೋಸು ಕಡಿಮೆ ಮಾಡಬೇಕಾಗಬಹುದು.

ದಿನಕ್ಕೆ ಎಷ್ಟು, ಎಷ್ಟು ವಾರ?

ಆಸೆ ಕೆರಳಿದಾಗ ಮಾತ್ರ ಒಂದು ತಿಂದರೆ ಸಾಲದು. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ದಿನಕ್ಕೆ ಕನಿಷ್ಠ ಒಂಬತ್ತಾದರೂ ಆಗಬೇಕು. ಏಳರಿಂದ ಒಂಬತ್ತನೇ ವಾರ ಎರಡು-ನಾಲ್ಕು ಗಂಟೆಗೊಂದು, ಹತ್ತರಿಂದ ಹನ್ನೆರಡನೇ ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24 ದಾಟಬಾರದು. “ಅಷ್ಟೊಂದಾ? ಇದೇ ಚಟವಾದರೆ?” ಎಂದು ಹೆದರಿ ಎರಡು ಮೂರಕ್ಕೆ ನಿಲ್ಲಿಸುವವರೇ ಹೆಚ್ಚು. ಸಿಗರೇಟಿನ ನಿಕೋಟಿನ್ ಸೆಕೆಂಡುಗಳಲ್ಲಿ ಮಿದುಳಿಗೆ ಹೊಡೆಯುತ್ತದೆ, ಚಟ ಬಿಗಿಯುವುದು ಆ ವೇಗದಿಂದ. ಗಮ್ಮಿನದು ನಿಧಾನವಾಗಿ ಏರುತ್ತದೆ. ಕ್ಯಾನ್ಸರ್ ತರುವುದು ಹೊಗೆಯ ಟಾರು ಮತ್ತು ಇತರ ವಿಷಗಳು, ಗಮ್ಮಿನಲ್ಲಿ ಅವಿಲ್ಲ. ಗಮ್ಮಿಗೆ ಹೆದರಿ ಸಿಗರೇಟಿಗೆ ಮರಳುವುದು ತಲೆಕೆಳಗಾದ ಲೆಕ್ಕ. ಆದರೆ ಎಂದೂ ತಂಬಾಕು ಮುಟ್ಟದ ಹುಡುಗರು ಕುತೂಹಲಕ್ಕೆ ಇದನ್ನು ತಿನ್ನಬಾರದು, ಮಕ್ಕಳ ಕೈಗೆ ಸಿಗುವ ಕಡೆ ಇಡಲೂಬಾರದು.

ಸಿಗರೇಟನ್ನೂ ಗಮ್ಮನ್ನೂ ತಿಂಗಳುಗಟ್ಟಲೆ ಜೊತೆಜೊತೆಗೆ ನಡೆಸಬೇಡಿ. ಒಂದು ದಿನ ಗೊತ್ತುಮಾಡಿ, ಹಿಂದಿನ ರಾತ್ರಿಯೇ ಮನೆ, ಬ್ಯಾಗು, ಬೈಕಿನ ಡಿಕ್ಕಿಯಲ್ಲಿರುವ ಸಿಗರೇಟು, ಲೈಟರು ಎಲ್ಲ ಖಾಲಿಯಾಗಲಿ. ಚಡಪಡಿಕೆ ಮೊದಲ ವಾರ ತೀವ್ರ, ಎರಡರಿಂದ ನಾಲ್ಕು ವಾರಕ್ಕೆ ಇಳಿಯುತ್ತದೆ. ಒಂದೊಂದು ಸಲದ ಆಸೆ ಕೆಲವೇ ನಿಮಿಷದ್ದು.

ಪ್ಯಾಚ್, ಮಾತ್ರೆ, ಫೋನು

ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ ಗಮ್ಮಿನ ಜೊತೆ ಪ್ಯಾಚ್ ಸೇರಿಸಿದರೆ ಒಂದನ್ನೇ ಬಳಸುವುದಕ್ಕಿಂತ ಫಲ ಹೆಚ್ಚು, ಇದು ಅಧ್ಯಯನಗಳಲ್ಲಿ ಸ್ಪಷ್ಟವಾಗಿದೆ. ವೈದ್ಯರನ್ನು ಕೇಳಿ ಶುರುಮಾಡಿ. ಸಾಮಾನ್ಯವಾಗಿ 21 ಮಿಲಿಗ್ರಾಂ ಆರು ವಾರ, 14 ಎರಡು ವಾರ, 7 ಎರಡು ವಾರ. ಕೆಲವು ಪೊಟ್ಟಣಗಳ ಮೇಲೆ 30, 20, 10 ಎಂದು ಇರುವುದು ಪ್ಯಾಚಿನ ವಿಸ್ತೀರ್ಣ, ಮಿಲಿಗ್ರಾಂ ಅಲ್ಲ, ಗೊಂದಲ ಬೇಡ. ರೋಮವಿಲ್ಲದ, ಒಣಗಿದ ಜಾಗಕ್ಕೆ ಬೆಳಿಗ್ಗೆ ಅಂಟಿಸಿ, ದಿನವೂ ಜಾಗ ಬದಲಿಸಿ. ಕರಾವಳಿಯ ಬೆವರಿಗೆ ಬಿಟ್ಟುಬರುತ್ತದೆ, ತೋಳಿನ ಮೇಲ್ಭಾಗ ಒರೆಸಿ ಹತ್ತು ಸೆಕೆಂಡು ಅಂಗೈಯಿಂದ ಒತ್ತಿ ಹಿಡಿಯಿರಿ. ವಿಚಿತ್ರ ಕನಸು ಬಿದ್ದರೆ ರಾತ್ರಿ ತೆಗೆದು ಮಲಗಿ.

ಗರ್ಭಿಣಿಯರು ಮತ್ತು ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳದೆ ಯಾವುದನ್ನೂ ಶುರುಮಾಡಬಾರದು. ವಾರೆನಿಕ್ಲಿನ್, ಬುಪ್ರೋಪಿಯಾನ್ ಮಾತ್ರೆಗಳೂ ಇವೆ, ಎರಡೂ ಚೀಟಿಯ ಮೇಲೆ ಮಾತ್ರ. ಮೂರ್ಛೆರೋಗ ಇದ್ದವರಿಗೆ ಬುಪ್ರೋಪಿಯಾನ್ ಆಗದು. ಗುಟ್ಕಾ, ಹೊಗೆಸೊಪ್ಪು ಬಿಡುವವರಿಗೂ ಗಮ್ ನೆರವಾಗಬಹುದು, ಕ್ರಮ ಇದೇ.

ಮಾತಾಡಲು ಯಾರಾದರೂ ಬೇಕೆನಿಸಿದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲೊಂದು, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆ ನಿಮ್ಮ ಜೇಬಿನ ಸಿಗರೇಟು ಪ್ಯಾಕಿನ ಮೇಲೂ ಅಚ್ಚಾಗಿದೆ, ಎಸೆಯುವ ಮೊದಲು ಬರೆದಿಟ್ಟುಕೊಳ್ಳಿ.